ಫ್ಲೂ ಸೂಜಿಯ ರೊಕ್ಕ ಎಲ್ಲಿಗೆ ಹೋಗುತ್ತದೆ?

ನಾನು ರಾಯಚೂರಿನಲ್ಲಿ ನಾಲ್ಕಾರು ಸಣ್ಣ ದವಾಖಾನೆಗಳ ಲೆಕ್ಕ ಬರೆಯುತ್ತೇನೆ. ವೈದ್ಯಕೀಯದ ಬಗ್ಗೆ ನನಗೆ ಗೊತ್ತಿರುವುದು ಬಿಲ್ಲಿನಲ್ಲಿ ಕಾಣುವಷ್ಟೇ. ಆದರೆ ಬಿಲ್ಲು ಬಹಳ ಮಾತಾಡುತ್ತದೆ.

ಹೋದ ಸಲ ಮೇ ತಿಂಗಳಲ್ಲಿ ಒಂದು ಕ್ಲಿನಿಕ್ಕಿನ ಒಳಕೋಣೆಯಲ್ಲಿ ಕೂತು ಲೆಕ್ಕ ಹೊಂದಿಸುತ್ತಿದ್ದೆ. ಹೊರಗೆ ರಣಬಿಸಿಲು. ನಿವೃತ್ತ ಮಾಸ್ತರರೊಬ್ಬರು ಬಂದರು. ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಮಳೆಗಾಲ ಶುರುವಾಗುವ ಮೊದಲು ಫ್ಲೂ ಸೂಜಿ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ದರ ಕೇಳಿದವರೇ ಮಾಸ್ತರರು ಕುರ್ಚಿಯಿಂದ ಎದ್ದುಬಿಟ್ಟರು.

"ಒಂದು ಸೂಜಿಗೆ ಹತ್ತಿರ ಹತ್ತಿರ ಎರಡು ಸಾವಿರ ಏನ್ರೀ ಸರ? ಜ್ವರ ಬಂದಾಗ ನೂರು ರೂಪಾಯಿಗೆ ಸೂಜಿನೂ ಮಾಡಿ ಗುಳಿಗಿನೂ ಕೊಡ್ತಿದ್ರಲ್ಲ ನೀವು!"

ಡಾಕ್ಟರು ನಕ್ಕು ಸುಮ್ಮನಾದರು. ನನಗೆ ನಗು ಬರಲಿಲ್ಲ. ಯಾಕೆಂದರೆ ಅದೇ ಕ್ಲಿನಿಕ್ಕಿಗೆ ಹಿಂದಿನ ವರ್ಷ ಫ್ಲೂ ಲಸಿಕೆಯಿಂದ ಲಾಭವಲ್ಲ, ನಷ್ಟ ಆಗಿತ್ತು. ಆ ಲೆಕ್ಕ ನನ್ನ ಮುಂದೆಯೇ ಇತ್ತು. ರೊಕ್ಕ ಕೊಡುವವರಿಗೆ ದುಬಾರಿ, ಸೂಜಿ ಹಾಕುವವರಿಗೆ ನಷ್ಟ. ಹಾಗಾದರೆ ನಡುವೆ ರೊಕ್ಕ ಎಲ್ಲಿ ಹೋಯಿತು?

ಮೊದಲು ಒಂದು ಮಾತು. ಫ್ಲೂ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆ ಹೆಸರಿನಲ್ಲಿ 1985ರಿಂದ ನಡೆದಿದೆ. ಪೋಲಿಯೊ, ದಡಾರ, ಧನುರ್ವಾಯು ಹೀಗೆ ಹಲವು ರೋಗಗಳಿಗೆ ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಒಂದು ಪೈಸೆ ಇಲ್ಲದೆ ಲಸಿಕೆ ಸಿಗುತ್ತದೆ. ಅಲ್ಲಿ ಸೂಜಿ ಹಾಕುವ ನರ್ಸಮ್ಮನಿಗೆ ಸಂಬಳ. ಮಕ್ಕಳನ್ನು ಕರೆತರುವ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ: ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಎಲ್ಲ ಲಸಿಕೆ ಮುಗಿಸಿದರೆ 100 ರೂಪಾಯಿ, ಎರಡನೇ ವರ್ಷದ್ದು ಮುಗಿಸಿದರೆ 75. ಅಂದರೆ ಸರ್ಕಾರ ರೊಕ್ಕ ಕೊಡುವುದು ಸೂಜಿ ಎಣಿಸಿ ಅಲ್ಲ, ಮಗು ಎಣಿಸಿ. ಜಾಣ ಲೆಕ್ಕವೇ ಅದು, ಮೊತ್ತ ಮಾತ್ರ ತೀರಾ ಸಣ್ಣದು ಅನ್ನುವುದು ನನ್ನ ಅಭಿಪ್ರಾಯ.

ಫ್ಲೂ ಆ ಪಟ್ಟಿಯಲ್ಲಿ ಇಲ್ಲದ್ದರಿಂದ ಅದು ಬಹುತೇಕ ಖಾಸಗಿ ವ್ಯಾಪಾರ. ವಿಮೆಯೂ ಕೈ ಹಿಡಿಯುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದೆಯಲ್ಲ ಎಂದು ಕೆಲವರು ಕ್ಲಿನಿಕ್ಕಿಗೆ ತಂದು ತೋರಿಸುತ್ತಾರೆ. ಆ ಕಾರ್ಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಕೊಡಿಸುತ್ತದೆ ನಿಜ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ. ಖಾಸಗಿ ವಿಮೆ ಪಾಲಿಸಿಗಳೂ ಬಹುತೇಕ ಹಾಗೆಯೇ. ಫ್ಲೂ ಬಂದು, ನ್ಯುಮೋನಿಯಾ ಆಗಿ, ನಾಲ್ಕು ದಿನ ವಾರ್ಡಿನಲ್ಲಿ ಮಲಗಿದರೆ ಕೊಡುತ್ತಾರೆ. ಅದು ಬಾರದ ಹಾಗೆ ಮಾಡುವ ಸೂಜಿಗೆ ಕೊಡುವುದಿಲ್ಲ. ವಿಚಿತ್ರ ಅಲ್ವಾ?

ಇನ್ನು ಡಬ್ಬಿಯ ಮೇಲಿನ ಬೆಲೆಗೆ ಬರೋಣ. ಕಂಪನಿಯಿಂದ ಸ್ಟಾಕಿಸ್ಟ್, ಸ್ಟಾಕಿಸ್ಟ್‌ನಿಂದ ಮೆಡಿಕಲ್ ಅಂಗಡಿ ಅಥವಾ ನೇರ ಡಾಕ್ಟರು. ಡಾಕ್ಟರು ಔಷಧ ಇಟ್ಟುಕೊಂಡು ಕೊಡಬಹುದೇ? ಕೊಡಬಹುದು. 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಶೆಡ್ಯೂಲ್ ಕೆ ಪ್ರಕಾರ, ನೋಂದಾಯಿತ ವೈದ್ಯರು ಅಂಗಡಿ ತೆರೆಯದೆ ತಮ್ಮದೇ ರೋಗಿಗಳಿಗೆ ಔಷಧ ಕೊಟ್ಟರೆ ಮಾರಾಟದ ಲೈಸೆನ್ಸ್ ಬೇಕಿಲ್ಲ. ವೈದ್ಯರ ನಡವಳಿಕೆಯ 2002ರ ನಿಯಮವೂ ಇದನ್ನೇ ಹೇಳುತ್ತದೆ: ರೋಗಿಯನ್ನು ಸುಲಿಯದಿದ್ದರೆ ತಪ್ಪಿಲ್ಲ. ಎಂಆರ್‌ಪಿ ಮೀರಿ ಮಾತ್ರ ಯಾರೂ ಮಾರುವಂತಿಲ್ಲ.

ಎಂಆರ್‌ಪಿಗೂ ಡಾಕ್ಟರು ಕೊಂಡ ಬೆಲೆಗೂ ನಡುವಿನ ಅಂತರ ಇದೆಯಲ್ಲ, ನಮ್ಮಲ್ಲಿ ಫ್ಲೂ ಸೂಜಿಯ ಗಳಿಕೆ ಅಂದರೆ ಅದೇ. ಸೂಜಿ ಹಾಕಿದ್ದಕ್ಕೆ ಅಂತ ಬೇರೆ ಫೀಸು ಬಹಳ ಕಡೆ ಇಲ್ಲ, ಇದ್ದರೂ ಐವತ್ತೋ ನೂರೋ.

ಒಂದು ಲೆಕ್ಕ ಹಾಕೋಣ. ಬ್ರ್ಯಾಂಡು, ಊರು, ವರ್ಷ ಬದಲಾದರೆ ಬೆಲೆ ಬದಲಾಗುತ್ತದೆ, ಹಾಗಾಗಿ ಇವು ಬರೀ ಉದಾಹರಣೆಯ ಅಂಕಿಗಳು. ಎಂಆರ್‌ಪಿ 1,800 ಅಂದುಕೊಳ್ಳಿ. ಡಾಕ್ಟರಿಗೆ ಬಿದ್ದದ್ದು 1,350. ಇಪ್ಪತ್ತು ಸೂಜಿ ತರಿಸಿದರು. ಕೈಯಿಂದ ಹೋದದ್ದು 27,000. ಇಪ್ಪತ್ತೂ ಎಂಆರ್‌ಪಿಗೇ ಹೋದರೆ ಬರುವುದು 36,000. ಅಂತರ 9,000. ಹತ್ತಿ, ಸ್ಪಿರಿಟ್, ಫ್ರಿಜ್ಜಿನ ಕರೆಂಟು, ಇನ್ವರ್ಟರ್, ಕಸ ಒಯ್ಯುವವರ ತಿಂಗಳ ಬಿಲ್ಲು, ಸಿಬ್ಬಂದಿಯ ಸಮಯ ಎಲ್ಲ ಸೇರಿ ಸೂಜಿಗೆ 60 ರೂಪಾಯಿ ಹಿಡಿಯಿರಿ. 1,200 ಹೋಯಿತು. ಉಳಿದದ್ದು 7,800. ಸೂಜಿಗೆ 390 ಬಿತ್ತು. ಪರವಾಗಿಲ್ಲ ಅನ್ನಿಸುತ್ತದೆ.

ಈಗ ನಾಲ್ಕು ಸೂಜಿ ಉಳಿದವು ಅನ್ನಿ. ಹದಿನಾರು ಹೋದವು, ಬಂದದ್ದು 28,800. ಕೊಂಡದ್ದು 27,000, ಖರ್ಚು 960. ಉಳಿದದ್ದು 840 ರೂಪಾಯಿ. ಇಡೀ ಹಂಗಾಮಿಗೆ!

ಐದು ಉಳಿದರೆ? ಬಂದದ್ದು 27,000, ಕೊಂಡದ್ದೂ 27,000. ಮೇಲಿನ ಖರ್ಚು 900 ಕೈಯಿಂದ. ಅಂದರೆ ಐದನೇ ಸೂಜಿ ಫ್ರಿಜ್ಜಿನಲ್ಲಿ ಉಳಿದ ದಿನ ಡಾಕ್ಟರು ಪುಕ್ಕಟೆ ದುಡಿದಂತೆ, ಮೇಲೆ ತಮ್ಮ ರೊಕ್ಕ ಹಾಕಿದಂತೆ. ಇನ್ನು ನಮ್ಮ ಕಡೆ ಚೌಕಾಶಿ ಇಲ್ಲದೆ ಏನೂ ನಡೆಯುವುದಿಲ್ಲ. ಪರಿಚಯದವರು, ಓಣಿಯವರು, ಹಿಂದಿನ ಮಾಲೀಕರ ಬೀಗರು ಎಂದು ಎಲ್ಲರಿಗೂ 200 ಕಮ್ಮಿ ಮಾಡಿದರೆ, ಇಪ್ಪತ್ತರಲ್ಲಿ ಮೂರು ಉಳಿದರೂ ನಷ್ಟವೇ. ಬೇಕಾದರೆ ಕೂಡಿಸಿ ನೋಡಿ.

ನಾನು ಹೇಳಿದ ಕ್ಲಿನಿಕ್ಕಿನಲ್ಲಿ ಆದದ್ದು ಇದೇ. ಆರು ಸೂಜಿ ಉಳಿದಿದ್ದವು.

ಉಳಿದರೇನಂತೆ, ಮುಂದಿನ ವರ್ಷ ಮಾರಬಹುದಲ್ಲ ಎಂದು ನಾನೂ ಮೊದಲ ಸಲ ಕೇಳಿದ್ದೆ. ಆಗುವುದಿಲ್ಲ. ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಕೂತು ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕು ಎಂದು ಹೇಳುತ್ತದೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ. ನಾವಿರುವುದು ಉತ್ತರ ಗೋಳಾರ್ಧದಲ್ಲೇ. ಆದರೆ ಭಾರತದ ಬಹುಭಾಗದಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಆಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸುತ್ತು. ಹಾಗಾಗಿ ಏಪ್ರಿಲ್–ಮೇ ಹೊತ್ತಿಗೆ ದಕ್ಷಿಣ ಗೋಳಾರ್ಧದ ಹೊಸ ಲಸಿಕೆ ಹಾಕಿಸಿಕೊಂಡರೆ ಮಳೆ ಶುರುವಾಗುವ ಹೊತ್ತಿಗೆ ಮೈ ತಯಾರಾಗಿರುತ್ತದೆ. ಸೂಜಿ ಬಿದ್ದ ಮೇಲೆ ರಕ್ಷಣೆ ಬೆಳೆಯಲು ಸುಮಾರು ಎರಡು ವಾರ ಬೇಕು. ಹೋದ ವರ್ಷದ ತಳಿಯ ಡಬ್ಬಿಗೆ ಈ ವರ್ಷ ಗಿರಾಕಿ ಇಲ್ಲ. ಎಕ್ಸ್‌ಪೈರಿ ದಿನಾಂಕವೂ ಹತ್ತಿರ ಬಂದಿರುತ್ತದೆ.

ಉಗಾದಿಗೆ ತಂದ ಹೂವು ದಸರಾಕ್ಕೆ ಮಾರಿದ ಹಾಗೆ.

ಬೇರೆ ಗುಳಿಗೆಗಳಿಗೆ ಎಕ್ಸ್‌ಪೈರಿ ಆದದ್ದನ್ನು ಸ್ಟಾಕಿಸ್ಟ್ ವಾಪಸ್ ತೆಗೆದುಕೊಂಡು ಬೇರೆ ಮಾಲು ಕೊಡುವುದುಂಟು. ಫ್ರಿಜ್ಜಿನ ಮಾಲಿಗೆ ಹಾಗೆ ಸುಲಭವಾಗಿ ಒಪ್ಪುವುದಿಲ್ಲ. ಮಧ್ಯದಲ್ಲಿ ಅದು ಎಲ್ಲಿತ್ತು, ಎಷ್ಟು ಬಿಸಿಯಾಯಿತು ಎಂದು ಹೇಳುವವರು ಯಾರು?

ಬಿಸಿಯ ಮಾತು ಬಂತು. ಫ್ಲೂ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಜನ ಬಿಸಿಗೆ ಹೆದರಿ ಫ್ರೀಜರ್‌ನಲ್ಲಿ ಇಡುತ್ತಾರೆ, ಅದು ಇನ್ನೂ ದೊಡ್ಡ ತಪ್ಪು. ಇತ್ತ ರಾಯಚೂರು, ಅತ್ತ ಬಳ್ಳಾರಿ, ಬೇಸಿಗೆಯಲ್ಲಿ 40 ಡಿಗ್ರಿ ಅಂದರೆ ನಮಗೆ ಮಾಮೂಲು. ಲಸಿಕೆ ಹಾಕಬೇಕಾದ ತಿಂಗಳೂ ಅದೇ! ಹತ್ತಿರದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟು ಮಾಡುತ್ತಾರೆ, ಆದರೂ ಕರೆಂಟು ಹೋದ ಕೂಡಲೇ ಕ್ಲಿನಿಕ್ಕಿನ ಹುಡುಗ ಮೊದಲು ಓಡುವುದು ಫ್ರಿಜ್ಜಿನ ಥರ್ಮಾಮೀಟರ್ ನೋಡಲಿಕ್ಕೆ. ಬಾಗಿಲು ತೆಗೆಯಬೇಡ ಎಂದು ಡಾಕ್ಟರು ಒಳಗಿಂದಲೇ ಕೂಗುತ್ತಾರೆ. ಆ ಫ್ರಿಜ್ಜಿನಲ್ಲಿ ಮಜ್ಜಿಗೆ ಬಾಟಲಿ ಇಡುವಂತಿಲ್ಲ, ಊಟದ ಡಬ್ಬಿ ಇಡುವಂತಿಲ್ಲ. ಈ ಕಾವಲಿಗೆ ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ.

ತೆರಿಗೆಯದು ಇನ್ನೊಂದು ಕತೆ, ಬೇಗ ಹೇಳಿಬಿಡುತ್ತೇನೆ. ಲಸಿಕೆಗೆ ಶೇ. 5 ಜಿಎಸ್‌ಟಿ ಇದೆ, ಅದು ಎಂಆರ್‌ಪಿಯೊಳಗೇ ಸೇರಿರುತ್ತದೆ. ಡಾಕ್ಟರ ಸೇವೆಗೆ ಜಿಎಸ್‌ಟಿ ಇಲ್ಲ. ಕೇಳಲು ಚಂದ. ಆದರೆ ಸೇವೆಗೆ ತೆರಿಗೆ ಇಲ್ಲದ ಕಾರಣ, ಸಣ್ಣ ಕ್ಲಿನಿಕ್ಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಅಂಗಡಿಯವರ ಹಾಗೆ ಹಿಂದಕ್ಕೆ ಪಡೆಯಲು ಆಗುವುದಿಲ್ಲ. ಅದೂ ಖರ್ಚಿಗೇ ಸೇರುತ್ತದೆ.

ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಬಹಳ ಡಾಕ್ಟರುಗಳು ಸ್ಟಾಕೇ ಇಡುವುದಿಲ್ಲ. ಚೀಟಿ ಬರೆದು ಕೊಡುತ್ತಾರೆ. ನೀವು ಮೆಡಿಕಲ್‌ನಲ್ಲಿ ಕೊಂಡು ತರಬೇಕು. ಅಂತರದ ರೊಕ್ಕ ಅಂಗಡಿಗೆ ಹೋಯಿತು. ಡಾಕ್ಟರಿಗೆ ಬರೀ ಫೀಸು, ಆದರೆ ನಷ್ಟದ ಭಯವೂ ಇಲ್ಲ. ಸಿಂಧನೂರು, ಮಾನ್ವಿ, ಗಂಗಾವತಿ, ಕುಷ್ಟಗಿಯಂಥ ಊರುಗಳಲ್ಲಿ ಸಣ್ಣ ಕ್ಲಿನಿಕ್ಕಿಗೆ ಇದೇ ಸುಲಭದ ದಾರಿ. ಬೇಕು ಅಂದಾಗ ಒಂದೋ ಎರಡೋ ತರಿಸುವುದು. ಆದರೆ ಅಂಗಡಿಯಿಂದ ಕ್ಲಿನಿಕ್ಕಿಗೆ ಲಸಿಕೆ ಹೇಗೆ ಬರುತ್ತದೆ? ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ದಾರಿಯಲ್ಲಿ ಒಂದು ಚಹಾ ಬೇರೆ. ನಾನಂತೂ ಕೇಳುವವರಿಗೆಲ್ಲ ಹೇಳುತ್ತೇನೆ, ಐಸ್ ಜೆಲ್ ಇರುವ ಡಬ್ಬಿಯಲ್ಲಿ ಕೊಡಿ ಎಂದು ಕೇಳಿ, ಬೆಳಿಗ್ಗೆ ಅಥವಾ ಸಂಜೆ ಕೊಳ್ಳಿ, ನೇರ ಕ್ಲಿನಿಕ್ಕಿಗೆ ಹೋಗಿ.

ಈಗ ಬೇರೆ ದೇಶದ ಕಡೆ ಒಂದು ನೋಟ. ಅಮೆರಿಕದಲ್ಲಿ ಫ್ಲೂ ಸೂಜಿಗೆ ಡಾಕ್ಟರು ಕಳಿಸುವ ಬಿಲ್ಲಿನಲ್ಲಿ ಎರಡು ಸಾಲು ಇರುತ್ತವೆ. ಒಂದು ಲಸಿಕೆಯ ಬೆಲೆ, ಇನ್ನೊಂದು ಸೂಜಿ ಹಾಕಿದ ಕೂಲಿ. ಎರಡಕ್ಕೂ ಬೇರೆ ಬೇರೆ ಸಂಕೇತ ಸಂಖ್ಯೆ. ಹಿರಿಯ ನಾಗರಿಕರ ಸರ್ಕಾರಿ ವಿಮೆ ಮೆಡಿಕೇರ್‌ಗೆ ಕಳಿಸುವಾಗ ಹಾಕಿದ ಕೂಲಿಗೆ ಜಿ0008 ಅಂತ ಬರೆಯುತ್ತಾರೆ. ಖಾಸಗಿ ವಿಮೆಗೆ ಸಾಮಾನ್ಯವಾಗಿ 90471. ಯಾಕೆ ಬಂದಿದ್ದರು ಅನ್ನುವುದಕ್ಕೂ ಒಂದು ಸಂಖ್ಯೆ ಇದೆ, ಝಡ್23. ಅಂದರೆ ಕಾಯಿಲೆ ಇಲ್ಲ, ಲಸಿಕೆಗೆ ಬಂದಿದ್ದರು ಎಂದು. ಮೆಡಿಕೇರ್ 1993ರಿಂದ ಫ್ಲೂ ಲಸಿಕೆಗೆ ರೊಕ್ಕ ಕೊಡುತ್ತಿದೆ. ಅಜ್ಜ ಅಜ್ಜಿಯರು ಜೇಬಿನಿಂದ ಏನೂ ಕೊಡಬೇಕಿಲ್ಲ. ಕ್ಯಾಂಪಿನಲ್ಲಿ ನೂರಾರು ಜನಕ್ಕೆ ಹಾಕಿದರೆ ಒಬ್ಬೊಬ್ಬರದು ಬೇರೆ ಬಿಲ್ಲು ಬರೆಯದೆ, ಹೆಸರುಗಳ ಪಟ್ಟಿ ಲಗತ್ತಿಸಿ ಒಟ್ಟಿಗೆ ಕಳಿಸುವ ಪದ್ಧತಿಯೂ ಇದೆ. ಲೆಕ್ಕ ಬರೆಯುವವನಾಗಿ ನನಗೆ ಬಹಳ ಹಿಡಿಸಿದ್ದು ಇದೇ.

ಅಲ್ಲಿ ಎಲ್ಲ ಸುಖ ಎಂದಲ್ಲ. ಅಲ್ಲಿಯ ಡಾಕ್ಟರೂ ಹಂಗಾಮಿಗೆ ತಿಂಗಳುಗಟ್ಟಲೆ ಮೊದಲೇ ಆರ್ಡರ್ ಕೊಡಬೇಕು, ಸ್ವಂತ ರೊಕ್ಕದಲ್ಲಿ ಕೊಳ್ಳಬೇಕು, ಉಳಿದರೆ ಅವರಿಗೂ ಸಂಕಟ. ಸಂಕೇತ ಸಂಖ್ಯೆ ಒಂದು ತಪ್ಪಿದರೆ ವಿಮೆಯವರು ಬಿಲ್ಲು ವಾಪಸ್ ಕಳಿಸುತ್ತಾರೆ. ಪಕ್ಕದ ಔಷಧ ಅಂಗಡಿಯೇ ಲಸಿಕೆ ಹಾಕಿ ಗಿರಾಕಿಗಳನ್ನು ಎಳೆದುಕೊಳ್ಳುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸ ಇದೆ. ಸೂಜಿ ಹಾಕುವುದು ಒಂದು ಕೆಲಸ, ಅದಕ್ಕೊಂದು ಕೂಲಿ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲೂ ಹಾಗೆಯೇ. ಅಲ್ಲಿ ಸರ್ಕಾರಿ ವ್ಯವಸ್ಥೆಯೇ ಡಾಕ್ಟರಿಗೆ ಲಸಿಕೆಯ ಬೆಲೆ ಬೇರೆ ಕೊಟ್ಟು, ಪ್ರತಿ ಸೂಜಿಗೂ ಕೂಲಿ ಬೇರೆ ಕೊಡುತ್ತದೆ. ಆ ಕೂಲಿ ಹಲವು ವರ್ಷ 10.06 ಪೌಂಡ್ ಇತ್ತು.

ನಮ್ಮಲ್ಲಿ ಆ ಎರಡನೇ ಸಾಲು ಯಾಕಿಲ್ಲ? ನನಗೆ ಅನ್ನಿಸುವ ಕಾರಣ ನಮ್ಮ ಅಭ್ಯಾಸ. ನಮ್ಮ ಕಡೆ ಸೂಜಿ ಮಾಡದ ಡಾಕ್ಟರು ಡಾಕ್ಟರೇ ಅಲ್ಲ. ಫೀಸು ಕೊಟ್ಟ ಮೇಲೆ ಸೂಜಿ ಅದರಲ್ಲೇ ಸೇರಿದ್ದು ಎಂದು ಜನ ತಿಳಿದಿದ್ದಾರೆ, ಡಾಕ್ಟರುಗಳೇ ಹಾಗೆ ಕಲಿಸಿದ್ದಾರೆ ಕೂಡ. ಅದೇ ಜನರಿಗೆ ಲಸಿಕೆ ಕೊಟ್ಟು "ಹಾಕಿದ್ದಕ್ಕೆ ಇನ್ನೂ 150" ಅಂದರೆ ಜಗಳಕ್ಕೇ ಬರುತ್ತಾರೆ. ಹಾಗಾಗಿ ಕೂಲಿಯನ್ನು ಲಸಿಕೆಯ ಬೆಲೆಯೊಳಗೆ ಅಡಗಿಸಿ ಇಡುತ್ತಾರೆ. ಅಡಗಿಸಿದ್ದರಿಂದ ಲಸಿಕೆ ದುಬಾರಿ ಕಾಣುತ್ತದೆ. ದುಬಾರಿ ಕಂಡಿದ್ದರಿಂದ ಜನ ಎದ್ದು ಹೋಗುತ್ತಾರೆ. ಜನ ಎದ್ದು ಹೋದರೆ ಸೂಜಿ ಉಳಿಯುತ್ತದೆ. ಉಳಿದ ಆರರ ಬೆಲೆ ಮುಂದಿನ ವರ್ಷ ಯಾರ ತಲೆಗೆ ಬೀಳುತ್ತದೆ ನೀವೇ ಹೇಳಿ.

ಒಂದೇ ಒಂದು ಸಲ ನಮ್ಮ ದೇಶದಲ್ಲಿ ಆ ಎರಡನೇ ಸಾಲು ಎಲ್ಲರ ಕಣ್ಣಿಗೂ ಕಂಡಿತ್ತು. ಕೋವಿಡ್ ಕಾಲದಲ್ಲಿ. 2021ರ ಮಾರ್ಚ್‌ನಲ್ಲಿ ಖಾಸಗಿ ಆಸ್ಪತ್ರೆಗೆ ಕೇಂದ್ರ ಸರ್ಕಾರ ಕಟ್ಟಿದ ಮಿತಿ 250 ರೂಪಾಯಿ: ಲಸಿಕೆಗೆ 150, ಹಾಕಿದ್ದಕ್ಕೆ 100. ಅದೇ ವರ್ಷ ಜೂನ್‌ನಲ್ಲಿ ದರ ಬದಲಾಯಿತು. ಕೋವಿಶೀಲ್ಡ್ 600, ಜಿಎಸ್‌ಟಿ 30, ಸೇವಾ ಶುಲ್ಕ 150ಕ್ಕೆ ಮೀರದ ಹಾಗೆ, ಒಟ್ಟು 780. ಕೋವ್ಯಾಕ್ಸಿನ್ 1,200, ಜಿಎಸ್‌ಟಿ ಮತ್ತು ಅದೇ ಸೇವಾ ಶುಲ್ಕ ಸೇರಿ ಒಟ್ಟು 1,410. ಲಸಿಕೆ ಅಗ್ಗವಾಗಿರಲಿ ತುಟ್ಟಿಯಾಗಿರಲಿ, ಹಾಕುವ ಕೂಲಿ ಒಂದೇ. ಸರಿಯಾದ ತತ್ವ ಅದೇ ಅಲ್ವಾ? 600ರ ಸೂಜಿಗೂ 1,200ರ ಸೂಜಿಗೂ ಬೇಕಾದ ಹತ್ತಿ ಒಂದೇ, ನರ್ಸಿನ ಹೊತ್ತು ಒಂದೇ, ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿ ನೋಡುವ ಬೆಂಚೂ ಒಂದೇ. ಅಂತರದ ಮೇಲೆ ಗಳಿಕೆ ನಿಂತಾಗ ಮಾತ್ರ ತುಟ್ಟಿ ಬ್ರ್ಯಾಂಡ್ ಹಾಕುವ ಆಸೆ ಹುಟ್ಟುತ್ತದೆ. ಎಲ್ಲ ಡಾಕ್ಟರೂ ಹಾಗೆ ಎಂದು ಹೇಳುತ್ತಿಲ್ಲ. ಲೆಕ್ಕದ ಪುಸ್ತಕ ಆ ಕಡೆ ತಳ್ಳುತ್ತದೆ, ಅಷ್ಟೇ.

ಆ ಕೋವಿಡ್ ಲೆಕ್ಕದಲ್ಲೂ ಪೆಟ್ಟು ತಿಂದವರಿದ್ದಾರೆ. 2021ರ ಜೂನ್ 21ರಿಂದ ಕೇಂದ್ರವೇ ಶೇ. 75ರಷ್ಟು ಲಸಿಕೆ ಕೊಂಡು ಉಚಿತವಾಗಿ ಕೊಡಲು ಶುರು ಮಾಡಿದ ಮೇಲೆ ರೊಕ್ಕ ಕೊಟ್ಟು ಹಾಕಿಸಿಕೊಳ್ಳುವವರು ಕಮ್ಮಿಯಾದರು. ದೇಶದ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಸ್ಟಾಕು ಹಾಗೇ ಕೂತಿತು. ಮತ್ತೆ ಅದೇ ಪಾಠ: ಸೂಜಿಯ ವ್ಯಾಪಾರದಲ್ಲಿ ಗಳಿಕೆ ನಿಂತಿರುವುದು ಹಾಕಿದ್ದರ ಮೇಲಲ್ಲ, ಉಳಿದದ್ದರ ಮೇಲೆ.

ಅದಕ್ಕೇ ದೊಡ್ಡವರಿಗೆ ಈ ಲೆಕ್ಕ ಸುಲಭ. ತೋರಣಗಲ್ಲಿನಂಥ ಕಾರ್ಖಾನೆ ಊರಿನಲ್ಲಿ ಯಾರಾದರೂ ನೌಕರರಿಗೆ ಫ್ಲೂ ಕ್ಯಾಂಪ್ ಮಾಡಿಸಿದರು ಅನ್ನಿ, ತಲೆ ಎಣಿಸಿ ಆರ್ಡರ್ ಕೊಟ್ಟರಾಯಿತು. ಮುನ್ನೂರು ಹೆಸರು, ಮುನ್ನೂರು ಸೂಜಿ, ಒಂದೇ ದಿನ, ಒಂದೇ ಬಿಲ್ಲು. ಉಳಿಯುವ ಭಯ ಇಲ್ಲದಿದ್ದರೆ ಎಂಆರ್‌ಪಿಗಿಂತ ಬಹಳ ಕಮ್ಮಿಗೂ ಕೊಡಬಹುದು. ಓಣಿಯ ಕ್ಲಿನಿಕ್ಕಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ನೀವು ಹಾಕಿಸಿಕೊಳ್ಳುವವರಾದರೆ ಒಂದಿಷ್ಟು ಕೇಳಲು ಸಂಕೋಚ ಬೇಡ. ಕರ್ನಾಟಕದಲ್ಲಿ ಖಾಸಗಿ ದವಾಖಾನೆಗಳ 2007ರ ಕಾನೂನು ಇದೆ, ಕೆಪಿಎಂಇ ಅನ್ನುತ್ತಾರೆ. ಅದರ ಪ್ರಕಾರ ಶುಲ್ಕದ ಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು. ಸೂಜಿಗೆ ಮೊದಲೇ ದರ ಕೇಳಿ. ಡಬ್ಬಿಯನ್ನು ಕೈಯಲ್ಲಿ ಹಿಡಿದು ಎಂಆರ್‌ಪಿ, ಎಕ್ಸ್‌ಪೈರಿ, ಯಾವ ವರ್ಷದ ಯಾವ ಗೋಳಾರ್ಧದ್ದು ಅನ್ನುವುದನ್ನು ಓದಿ. ನಿಮ್ಮ ಕಣ್ಣೆದುರೇ ಫ್ರಿಜ್ಜಿನಿಂದ ತೆಗೆಯಲಿ. ಮಗುವಿಗಾದರೆ ಇನ್ನೊಂದು ವಿಷಯ: ಮೊದಲ ಸಲ ಹಾಕಿಸುವ ಚಿಕ್ಕ ಮಕ್ಕಳಿಗೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಅಂದರೆ ಆ ವರ್ಷ ಖರ್ಚೂ ಎರಡು ಪಟ್ಟು. ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು. ಬಿಲ್ಲಿನಲ್ಲಿ ಲಸಿಕೆಗೆ ಎಷ್ಟು, ಹಾಕಿದ್ದಕ್ಕೆ ಎಷ್ಟು ಎಂದು ಬೇರೆ ಬೇರೆ ಬರೆಸಿ. ಮೊದಮೊದಲು ಮುಖ ಸಿಂಡರಿಸುತ್ತಾರೆ. ಬರೆಯುತ್ತಾರೆ.

ನಮ್ಮ ಕ್ಲಿನಿಕ್ಕಿನ ಡಾಕ್ಟರು ಈ ವರ್ಷ ನನ್ನ ಮಾತು ಕೇಳಿದರು. ಇಪ್ಪತ್ತು ತರಿಸಲಿಲ್ಲ. ಮಾರ್ಚ್‌ನಲ್ಲೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದು, ಬೇಕಾದವರು ಹೆಸರು ಬರೆಸಿ 500 ಮುಂಗಡ ಕೊಡಿ ಎಂದು ಗೋಡೆಗೆ ಚೀಟಿ ಅಂಟಿಸಿದರು. ಕೆಳಗೇ ದರ: ಲಸಿಕೆ 1,500, ಹಾಕುವ ಶುಲ್ಕ 150. ಉಳಿಯುವ ಭಯ ಹೋದದ್ದರಿಂದ ಎಂಆರ್‌ಪಿಯಲ್ಲಿ 300 ಬಿಡಲು ಆಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಹದಿನಾಲ್ಕು ಹೆಸರು ಆದವು. ಹದಿನಾಲ್ಕೇ ತರಿಸಿದರು.

ಮೊನ್ನೆ ಲೆಕ್ಕ ಹೊಂದಿಸುವಾಗ ಮುಂಗಡ 7,000 ಬರಬೇಕಿತ್ತು, 6,500 ಇತ್ತು. ನೋಟ್‌ಬುಕ್ ತೆಗೆದು ನೋಡಿದೆ. ಮೊದಲ ಹೆಸರು ಮಾಸ್ತರರದು. ಮುಂಗಡದ ಕಾಲಂನಲ್ಲಿ ಡಾಕ್ಟರು ತಮ್ಮ ಕೈಯಾರೆ ಬರೆದಿದ್ದರು: ಉದ್ರಿ.